ಸುಟ್ಟದ್ದು ಎಲ್ಲಿಗೆ ಹೋಗುತ್ತದೆ?

(ಸಂಸೆಯ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಶಿವರಾತ್ರಿ ಸಮೀಪಿಸಿತೆಂದರೆ ಕಳಸ, ಸಂಸೆ, ಕುದುರೆಮುಖದ ಈ ಸೀಮೆಯಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಕಾಫಿ ಕೊಯ್ಲು ಮುಗಿಯುವ ಹಂತಕ್ಕೆ ಬಂದಿರುತ್ತದೆ. ತೋಟದಲ್ಲಿ ದರಗು ಬಿದ್ದು, ಕಾಲಿಟ್ಟರೆ ಸದ್ದಾಗುತ್ತದೆ. ಆ ದಿನಗಳಲ್ಲಿ ಯಾರೋ ಒಬ್ಬರು ಒಂದು ಕಡ್ಡಿ ಗೀರಿದರೆ ಸಾಕು, ರಾತ್ರಿಯೆಲ್ಲ ಗುಡ್ಡದ ನೆತ್ತಿಯಲ್ಲಿ ಬೆಂಕಿಯ ಸಾಲು ಹರಿದಾಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಣಿವೆಯ ತುಂಬ ಹೊಗೆ. ಹೊಸ ಹುಲ್ಲು ಬೇಗ ಚಿಗುರಲಿ ಎಂದು ಹಚ್ಚಿದವರುಂಟು, ಸೇದಿದ ಬೀಡಿಯನ್ನು ಆರಿಸದೆ ಎಸೆದವರುಂಟು, ಗದ್ದೆಗೆ ಸುಡುಮಣ್ಣು ಮಾಡಲು ಹೋಗಿ ಬೆಂಕಿ ಕೈಮೀರಿದ್ದೂ ಉಂಟು.

ಶಾಲೆಗೆ ಹೋಗುವ ಮಕ್ಕಳು ಕೇಳುವ ಒಂದು ಪ್ರಶ್ನೆ ಹೀಗಿದೆ: "ಬುದ್ಧೀ, ಗುಡ್ಡ ಸುಟ್ಟ ಹೊಗೆಯಿಂದ ಮೇಲಿರುವ ಓಜೋನ್ ಪದರಕ್ಕೆ ತೂತು ಬೀಳುತ್ತದಂತೆ, ನಿಜವೇ?" ಮಕ್ಕಳ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಹೌದು ಎಂದುಬಿಟ್ಟರೆ ಅದು ಪೂರ್ಣ ಸತ್ಯವಾಗುವುದಿಲ್ಲ. ಇಲ್ಲ ಎಂದರೂ ಪೂರ್ಣ ಸತ್ಯವಾಗುವುದಿಲ್ಲ. ಆದುದರಿಂದ ಇಂದು ಈ ಒಂದು ವಿಷಯವನ್ನೇ ತೆಗೆದುಕೊಂಡು, ಸಾವಧಾನವಾಗಿ ತಮ್ಮ ಮುಂದೆ ಬಿಡಿಸಿಡಬೇಕೆಂದು ನಾವು ಬಯಸಿದ್ದೇವೆ.

ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕ ಓದಲು ಕುಳಿತ ವಿದ್ಯಾರ್ಥಿಗೆ ಕೊಡುವ ಮೊದಲ ಉದಾಹರಣೆಯೇ ಬೆಟ್ಟದ ಮೇಲಿನ ಹೊಗೆ. ಬೆಂಕಿ ಕಣ್ಣಿಗೆ ಬೀಳದಿದ್ದರೂ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಹತ್ತಿರ ಹೋಗಿ ಬೆಂಕಿಯನ್ನೇ ನೋಡುವುದು ಪ್ರತ್ಯಕ್ಷ. ಕನ್ನಡದಲ್ಲಿ ಅನುಮಾನವೆಂದರೆ ಸಂಶಯ ಎಂಬ ಅರ್ಥ ರೂಢಿಯಾಗಿದೆ. ಶಾಸ್ತ್ರದಲ್ಲಿ ಹಾಗಲ್ಲ, ಅದು ಜ್ಞಾನದ ಒಂದು ದಾರಿ. ಓಜೋನ್ ಪದರದ ಕಥೆಯಲ್ಲಿ ಮನುಷ್ಯಕುಲವನ್ನು ಕಾಪಾಡಿದ್ದು ಈ ಎರಡೂ ಪ್ರಮಾಣಗಳು. ಅದು ಹೇಗೆಂಬುದು ಮುಂದೆ ತಮಗೆ ತಿಳಿಯುತ್ತದೆ.

ಮೊದಲು ಓಜೋನ್ ಎಂದರೇನು ಎಂಬುದನ್ನು ನೋಡೋಣ. ನಾವು ಉಸಿರಾಡುವ ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿರುತ್ತವೆ. ಅದೇ ಆಮ್ಲಜನಕದ ಮೂರು ಪರಮಾಣುಗಳು ಕೂಡಿಕೊಂಡರೆ ಓಜೋನ್. 1839 ರಲ್ಲಿ ಶೋನ್‌ಬೈನ್ ಎಂಬ ವಿಜ್ಞಾನಿ ಇದನ್ನು ಅದರ ವಾಸನೆಯಿಂದಲೇ ಗುರುತಿಸಿದನು. ಓಜೋನ್ ಎಂಬ ಹೆಸರು ಬಂದಿರುವುದೂ ವಾಸನೆ ಎಂಬ ಅರ್ಥದ ಗ್ರೀಕ್ ಶಬ್ದದಿಂದ. 1913 ರಲ್ಲಿ ಫ್ರಾನ್ಸ್ ದೇಶದ ಫಾಬ್ರಿ ಮತ್ತು ಬ್ಯುಸ್ಸೋಂ ಎಂಬುವರು ಆಕಾಶದಲ್ಲಿ ಇದರ ಪದರವೊಂದು ಇದೆಯೆಂದು ತೋರಿಸಿಕೊಟ್ಟರು.

ಈ ಪದರವು ನೆಲದಿಂದ ಸುಮಾರು 15 ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಹರಡಿಕೊಂಡಿದೆ. ನಮ್ಮ ಕುದುರೆಮುಖದ ಶಿಖರವನ್ನು ಒಂದರ ಮೇಲೊಂದರಂತೆ ಎಂಟು ಬಾರಿ ಪೇರಿಸಿದರೆ ಅದರ ಕೆಳಗಿನ ಅಂಚು ಸಿಕ್ಕೀತು. ಅಷ್ಟೆತ್ತರದಲ್ಲಿ ಅಷ್ಟಗಲ ಹರಡಿದ್ದರೂ ಅಲ್ಲಿರುವ ಓಜೋನ್ ಬಹಳ ವಿರಳ. ಎಲ್ಲವನ್ನೂ ಒಟ್ಟುಗೂಡಿಸಿ ನೆಲದ ಮೇಲೆ ತಂದು ಹಾಸಿದರೆ ಅದರ ದಪ್ಪ ಸುಮಾರು ಮೂರು ಮಿಲಿಮೀಟರ್ ಮಾತ್ರ! ಒಂದು ಗೋಣಿತಾಟಿನ ದಪ್ಪವೆನ್ನಿ. ಸೂರ್ಯನ ಬೆಳಕಿನಲ್ಲಿರುವ ಕೆಡುಕಿನ ಕಿರಣಗಳನ್ನು, ಅಂದರೆ ನೇರಳಾತೀತ ಕಿರಣಗಳನ್ನು, ತಡೆದು ಹಿಡಿಯುವುದು ಈ ತೆಳ್ಳನೆಯ ಹೊದಿಕೆ. ಅದು ಇಲ್ಲದಿದ್ದರೆ ಚರ್ಮಕ್ಕೆ ಕ್ಯಾನ್ಸರ್, ಕಣ್ಣಿಗೆ ಪೊರೆ, ಬೆಳೆಗೆ ಹಾನಿ. ಸಮುದ್ರದ ಮೀನುಗಳಿಗೆ ಆಹಾರವಾಗುವ ಸೂಕ್ಷ್ಮ ಜೀವಿಗಳಿಗೂ ಕೇಡು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲಿದ್ದು ನಮ್ಮನ್ನು ಕಾಯುವ ಓಜೋನ್ ಕೆಳಗೆ ನೆಲದ ಬಳಿ ಉಂಟಾದರೆ ವಿಷವಾಗುತ್ತದೆ. ವಾಹನಗಳ ಹೊಗೆ, ಕಾರ್ಖಾನೆಯ ಹೊಗೆ, ಕಾಡು ಸುಟ್ಟ ಹೊಗೆ ಇವುಗಳಲ್ಲಿರುವ ಅನಿಲಗಳು ಬಿಸಿಲಿನಲ್ಲಿ ಒಂದರೊಡನೊಂದು ಬೆರೆತು ನೆಲದ ಬಳಿ ಓಜೋನ್ ಹುಟ್ಟುತ್ತದೆ. ಅದು ಶ್ವಾಸಕೋಶವನ್ನು ಕೆಡಿಸುತ್ತದೆ, ಎಲೆಗಳನ್ನು ಬಾಡಿಸುತ್ತದೆ. ಹಾಗಾದರೆ ಕೆಳಗೆ ಹುಟ್ಟಿದ್ದು ಮೇಲೆ ಹೋಗಿ ತೂತನ್ನು ಮುಚ್ಚಬಾರದೇ ಎಂದು ಕೇಳಬಹುದು. ಅದು ಅಷ್ಟು ದಿನ ಬದುಕುವುದಿಲ್ಲ, ದಾರಿಯಲ್ಲೇ ಒಡೆದುಹೋಗುತ್ತದೆ. ಒಲೆಯಲ್ಲಿದ್ದರೆ ಅನ್ನ ಬೇಯಿಸುವ ಬೆಂಕಿ ಸೂರಿಗೆ ಹತ್ತಿದರೆ ಮನೆ ಸುಡುತ್ತದೆ. ವಸ್ತು ಒಂದೇ, ಇರಬೇಕಾದ ಸ್ಥಾನದಲ್ಲಿದ್ದರೆ ಮಾತ್ರ ಅದು ಉಪಕಾರಿ.

ಈಗ ನಮ್ಮ ಹೊಗೆಯ ಪ್ರಶ್ನೆಗೆ ಬರೋಣ. ನಾವು ಸುಟ್ಟದ್ದೆಲ್ಲ ಮೇಲಕ್ಕೆ ಹೋಗುತ್ತದೆಯೇ? ಮಲೆನಾಡಿನ ಮನೆಯನ್ನು ನೆನಪಿಗೆ ತಂದುಕೊಳ್ಳಿ. ಕೆಳಗೆ ಮನೆ, ಮೇಲೆ ಅಟ್ಟ. ವಾಯುಮಂಡಲಕ್ಕೂ ಹಾಗೆಯೇ ಕೆಳಗಿನ ಅಂತಸ್ತು, ಮೇಲಿನ ಅಂತಸ್ತು ಎಂದು ಇವೆ. ಮೋಡ, ಗುಡುಗು, ಮಳೆ ಎಲ್ಲವೂ ಬಹುಮಟ್ಟಿಗೆ ಕೆಳಗಿನ ಅಂತಸ್ತಿಗೆ ಸೇರಿದವು. ಓಜೋನ್ ಪದರವಿರುವುದು ಅಟ್ಟದಲ್ಲಿ. ಮಳೆಯ ಮಹಿಮೆ ತಮಗೆ ನಾವು ಹೇಳಬೇಕಾಗಿಲ್ಲ. ಈ ಸೀಮೆಯ ಮುಂಗಾರು ಗುಡ್ಡವನ್ನೂ ಗಾಳಿಯನ್ನೂ ಒಟ್ಟಿಗೆ ತೊಳೆಯುತ್ತದೆ. ನೀರಿನಲ್ಲಿ ಕರಗುವ ಅನಿಲ ಯಾವುದೇ ಇರಲಿ, ಹೊಗೆಯ ಮಸಿ ಯಾವುದೇ ಇರಲಿ, ಮಳೆ ಅದನ್ನು ಹೆಚ್ಚಾಗಿ ಕೆಳಕ್ಕೆ ಎಳೆದು ತರುತ್ತದೆ. ಪ್ಲಾಸ್ಟಿಕ್ ಪೈಪುಗಳನ್ನು ಸುಟ್ಟರೆ ಕ್ಲೋರಿನ್ ಇರುವ ಹುಳಿ ಅನಿಲವೊಂದು ಹೊರಡುತ್ತದೆ. ಅದು ಸುಟ್ಟವನ ಮೂಗು ಗಂಟಲನ್ನು ಉರಿಸಿ, ಮಳೆಯೊಡನೆ ಅವನ ಹೊಲಕ್ಕೇ ಇಳಿಯುತ್ತದೆ. ಓಜೋನ್ ಪದರಕ್ಕೆ ಮುಟ್ಟುವುದು ಅಪರೂಪ. ಪ್ಲಾಸ್ಟಿಕ್ ಸುಡಬಾರದು, ನಿಜ. ಆದರೆ ಅದಕ್ಕೆ ಕಾರಣ ನಮ್ಮ ಮಕ್ಕಳ ಉಸಿರು. ಕಾರಣವನ್ನು ಸರಿಯಾಗಿ ತಿಳಿಯದೆ ಮಾಡಿದ ಒಳ್ಳೆಯ ಕೆಲಸ ಬಹಳ ಕಾಲ ನಿಲ್ಲುವುದಿಲ್ಲ.

ಹಾಗಾದರೆ ಮೇಲೇರುವುದು ಯಾವುದು? ನೀರಿಗೆ ಕರಗದೆ, ಬೇಗ ಕೆಡದೆ ಉಳಿಯುವಂಥದು. ಮಳೆ ತೊಳೆಯಲಾರದ್ದು ನಿಧಾನವಾಗಿ ಅಟ್ಟ ಸೇರುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ.

1928 ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತ ತಂಪು ಪೆಟ್ಟಿಗೆಗಳಿಗಾಗಿ ಹೊಸ ಬಗೆಯ ಅನಿಲವೊಂದನ್ನು ಸಿದ್ಧಪಡಿಸಿದನು. ಅದಕ್ಕೆ ಮುಂಚೆ ಫ್ರಿಜ್ಜುಗಳಲ್ಲಿ ವಿಷದ ಅನಿಲಗಳಿದ್ದು, ಅವು ಸೋರಿ ಮನೆಮಂದಿ ಸತ್ತ ಪ್ರಸಂಗಗಳಿದ್ದವು. ಹೊಸ ಅನಿಲಕ್ಕೆ ವಿಷವಿಲ್ಲ, ವಾಸನೆಯಿಲ್ಲ, ಬೆಂಕಿ ಹತ್ತುವುದಿಲ್ಲ. ಕ್ಲೋರೋಫ್ಲೋರೋಕಾರ್ಬನ್ ಎಂದು ಅದರ ಶಾಸ್ತ್ರೀಯ ಹೆಸರು. ಅಂಗಡಿಯ ಹೆಸರು ಫ್ರಿಯಾನ್. ಫ್ರಿಜ್ಜು, ಹವಾನಿಯಂತ್ರಣ ಯಂತ್ರ, ಸುಗಂಧದ ಡಬ್ಬಿ, ಮೆತ್ತನೆಯ ಹಾಸಿಗೆಯ ಸ್ಪಂಜು, ಕಡೆಗೆ ದಮ್ಮಿನ ರೋಗಿಗಳು ಬಾಯಿಗೆ ಹೊಡೆದುಕೊಳ್ಳುವ ಔಷಧಿ ಇಷ್ಟರಲ್ಲೆಲ್ಲ ಅದು ಸೇರಿತು. ಜನರಿಗೆ ಉಪಕಾರವಾಗಲೆಂದೇ ಅದನ್ನು ತಯಾರಿಸಿದ್ದು. ಆದರೆ ಯಾವುದರೊಡನೆಯೂ ಬೆರೆಯದ ಅದರ ಗುಣವೇ ಮುಂದೆ ದೋಷವಾಯಿತು. ಮಳೆಗೆ ಅದು ಕರಗಲಿಲ್ಲ. ಅದರ ಒಂದು ಬಗೆ ಸುಮಾರು 50 ವರ್ಷ, ಇನ್ನೊಂದು ಬಗೆ ಸುಮಾರು 100 ವರ್ಷ ಗಾಳಿಯಲ್ಲಿ ಉಳಿಯುತ್ತದೆ. ನಿಧಾನವಾಗಿ ಓಜೋನ್ ಇರುವ ಎತ್ತರಕ್ಕೆ ಏರಿ, ಅಲ್ಲಿಯ ಉಗ್ರ ಕಿರಣಗಳಿಗೆ ಸಿಕ್ಕಿ ಒಡೆದು, ತನ್ನೊಳಗಿನ ಕ್ಲೋರಿನ್ ಪರಮಾಣುವನ್ನು ಹೊರಕ್ಕೆ ಬಿಡುತ್ತದೆ. ಆ ಒಂದು ಪರಮಾಣು ಒಂದು ಓಜೋನ್ ಅಣುವನ್ನು ಒಡೆದು ತಾನು ಬಿಡಿಸಿಕೊಂಡು ಹೊರಬರುತ್ತದೆ; ಮತ್ತೊಂದನ್ನು ಹಿಡಿಯುತ್ತದೆ. ಹೀಗೆ ಸಾವಿರಾರು ಅಣುಗಳು ಒಂದೇ ಪರಮಾಣುವಿಗೆ ಬಲಿಯಾಗುತ್ತವೆ.

1974 ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಹೇಳಿದರು. ಆಗ ಯಾರೂ ಆಕಾಶದಲ್ಲಿ ತೂತನ್ನು ಕಂಡಿರಲಿಲ್ಲ. ಅನಿಲದ ಸ್ವಭಾವವನ್ನು ಹಿಡಿದು, ಹೀಗಾಗಲೇಬೇಕು ಎಂದು ತರ್ಕದಿಂದ ಹೇಳಿದ ಮಾತು ಅದು. ನಾವು ಹೇಳಿದ ಅನುಮಾನವೆಂದರೆ ಇದೇ. ನಂಬದವರು ಬಹಳ ಮಂದಿ ಇದ್ದರು. ಹನ್ನೊಂದು ವರ್ಷ ಕಳೆದು, 1985 ರಲ್ಲಿ, ದಕ್ಷಿಣ ಧ್ರುವದ ಹಿಮಖಂಡದಲ್ಲಿ ಅಳತೆ ಮಾಡುತ್ತಿದ್ದ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಅಲ್ಲಿಯ ವಸಂತಮಾಸದಲ್ಲಿ ಓಜೋನ್ ತೀವ್ರವಾಗಿ ಇಳಿದುಹೋಗುತ್ತಿದೆ ಎಂದು ಪ್ರಕಟಿಸಿದರು. ಅನುಮಾನವು ಪ್ರತ್ಯಕ್ಷವಾಯಿತು.

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ವೀರಭದ್ರನ್ ರಾಮನಾಥನ್ ಎಂಬ ವಿಜ್ಞಾನಿಯು ಎಳೆಯ ವಯಸ್ಸಿನಲ್ಲಿ ಸಿಕಂದರಾಬಾದಿನ ಫ್ರಿಜ್ಜಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಫ್ರಿಯಾನ್ ಏಕೆ ಸೋರಿಹೋಗುತ್ತದೆ ಎಂದು ಹುಡುಕುವುದು ಅವರ ಕೆಲಸವಾಗಿತ್ತು. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಓದಿ, ಬಳಿಕ ಅಮೆರಿಕಕ್ಕೆ ಹೋದರು. ಅದೇ ಅನಿಲವು ಭೂಮಿಯ ಶಾಖವನ್ನೂ ಹಿಡಿದಿಡುತ್ತದೆ ಎಂಬುದನ್ನು 1975 ರಲ್ಲಿ ಲೋಕಕ್ಕೆ ತೋರಿಸಿದವರು ಅವರೇ. ಸೋರಿದ್ದು ಇಲ್ಲವಾಗುವುದಿಲ್ಲ, ಎಲ್ಲಿಗೋ ಹೋಗಿರುತ್ತದೆ ಎಂಬ ಪಾಠವನ್ನು ಅವರ ಬಾಳು ಹೇಳುತ್ತದೆ.

ಬಂಧುಗಳೇ, ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬುದು ನಮ್ಮ ಹಿರಿಯರ ಗಾದೆ. ಆದರೆ ಇಲ್ಲಿ ನಡೆದದ್ದೇನು? ಆ ಅನಿಲವನ್ನು ತಯಾರಿಸಿ ಬಳಸಿದ್ದು ಹೆಚ್ಚಾಗಿ ಉತ್ತರದ ಶ್ರೀಮಂತ ದೇಶಗಳು. ತೂತು ಬಿದ್ದದ್ದು ಫ್ರಿಜ್ಜೇ ಬೇಡದ ಹಿಮಖಂಡದ ಮೇಲೆ. ಅಲ್ಲಿಯ ಅತಿಶೀತದ ಮೋಡಗಳು ಕ್ಲೋರಿನ್ನಿನ ಕೆಲಸಕ್ಕೆ ಅನುಕೂಲವಾದುವು. ಅದರ ಅಂಚಿನಲ್ಲಿ ಬಾಳುವ ಚಿಲಿ ದೇಶದ ತೆಂಕಣ ತುದಿಯ ಜನ ಬಿಸಿಲಿಗೆ ಅಂಜುವಂತಾಯಿತು. ನಮ್ಮ ಭೂಮಧ್ಯದ ಸೀಮೆಯಲ್ಲಿ ಪದರವು ಅಷ್ಟಾಗಿ ಸವೆಯಲಿಲ್ಲ. ಮಾಡಿದವನೊಬ್ಬ, ಉಂಡವನೊಬ್ಬ. ಫಲ ತನ್ನ ಎಲೆಗೆ ಬೀಳುವುದಿಲ್ಲವೆಂದು ತಿಳಿದಾಗಲೂ ಕೈಯನ್ನು ಹಿಡಿದುಕೊಳ್ಳುವವನು ಧರ್ಮಿಷ್ಠ. ತನಗೆ ತಟ್ಟುವ ಬಿಸಿಗೆ ಹೆದರಿ ಸುಮ್ಮನಿರುವುದು ಎಲ್ಲ ಪ್ರಾಣಿಗಳಿಗೂ ಗೊತ್ತು.

ಈಗ ಸುಡುವ ವಿಷಯ. ಹುಲ್ಲು, ಕಟ್ಟಿಗೆ, ದರಗು ಸುಟ್ಟಾಗ ಹೆಚ್ಚಾಗಿ ಹೊರಡುವುದು ಇಂಗಾಲದ ಡೈಆಕ್ಸೈಡ್. ಅದು ಭೂಮಿಯನ್ನು ಕಾಯಿಸುತ್ತದೆಯೇ ಹೊರತು, ಕ್ಲೋರಿನ್ನಿನಂತೆ ಓಜೋನನ್ನು ಒಡೆಯುವುದಿಲ್ಲ. ಆದರೆ ಗಿಡದ ಮೈಯಲ್ಲಿ ಉಪ್ಪಿನ ಅಂಶವಿರುತ್ತದಲ್ಲವೇ? ಅದು ಉರಿಯುವಾಗ ಮೀಥೈಲ್ ಕ್ಲೋರೈಡ್, ಮೀಥೈಲ್ ಬ್ರೋಮೈಡ್ ಎಂಬ ಅನಿಲಗಳು ಸ್ವಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ. ಇವು ಮಳೆಗೆ ಸುಲಭವಾಗಿ ಸಿಗುವಂಥವಲ್ಲ. ಹತ್ತಿರ ಹತ್ತಿರ ಒಂದು ವರ್ಷ ಗಾಳಿಯಲ್ಲಿದ್ದು, ಇವುಗಳಲ್ಲಿ ಒಂದಂಶ ಓಜೋನ್ ಪದರವನ್ನು ಮುಟ್ಟುತ್ತದೆ. ಇವಲ್ಲದೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲವೂ ಸ್ವಲ್ಪ ಹೊರಡುತ್ತದೆ. ಆದುದರಿಂದ ಮಕ್ಕಳ ಪ್ರಶ್ನೆಗೆ ಉತ್ತರ ಇದು: ಸಂಸೆಯ ಒಂದು ಗುಡ್ಡ ಸುಟ್ಟರೆ ಆಕಾಶಕ್ಕೆ ತೂತು ಬೀಳುವುದಿಲ್ಲ, ಆದರೆ ಲೋಕದಲ್ಲಿ ಸುಡುವ ಲಕ್ಷಾಂತರ ಗುಡ್ಡ, ಕಾಡು, ಹೊಲಗಳ ಲೆಕ್ಕದಲ್ಲಿ ಸಂಸೆಯ ಗುಡ್ಡವೂ ಒಂದು.

ಇತ್ತೀಚೆಗೆ ತಿಳಿದುಬಂದ ಇನ್ನೊಂದು ಸಂಗತಿಯನ್ನು ಹೇಳಬೇಕು. 2019 ರ ಕೊನೆಯಲ್ಲಿ ಮತ್ತು 2020 ರ ಮೊದಲಲ್ಲಿ ಆಸ್ಟ್ರೇಲಿಯಾ ದೇಶದ ಕಾಡುಗಳು ಹಿಂದೆಂದೂ ಕಾಣದಂತೆ ಉರಿದವು. ಬೆಂಕಿಯ ರಭಸಕ್ಕೆ ಗುಡುಗುಮೋಡಗಳೇ ಎದ್ದು, ಹೊಗೆಯನ್ನು ನೇರವಾಗಿ ಮೇಲಿನ ಅಂತಸ್ತಿಗೆ ನೂಕಿದವು. ಹಳೆಯ ಫ್ರಿಯಾನಿನಿಂದ ಬಂದ ಕ್ಲೋರಿನ್ ಅಲ್ಲಿ ಬೇರೆ ರೂಪದಲ್ಲಿ ಸುಮ್ಮನೆ ಮಲಗಿತ್ತು. ಹೊಗೆಯ ಕಣಗಳ ಮೇಲೆ ಅದು ಮತ್ತೆ ಎಚ್ಚೆತ್ತು ಓಜೋನನ್ನು ತಿನ್ನತೊಡಗಿತು. ಸೂಸನ್ ಸೋಲೊಮನ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು 2023 ರಲ್ಲಿ ಇದನ್ನು ವಿವರಿಸಿದರು. ದಕ್ಷಿಣಾರ್ಧಗೋಳದ ಮಧ್ಯಭಾಗದಲ್ಲಿ 2020 ರಲ್ಲಿ ನೂರಕ್ಕೆ 3 ರಿಂದ 5 ರಷ್ಟು ಓಜೋನ್ ಈ ಕಾರಣದಿಂದ ಕಡಿಮೆಯಾಯಿತು ಎಂಬುದು ಅವರ ಲೆಕ್ಕ. ನೋಡಿ, ಅಜ್ಜ ಮಾಡಿಟ್ಟ ದೋಷ ಬೂದಿಯೊಳಗಿನ ಕೆಂಡದಂತೆ ಮಲಗಿರುತ್ತದೆ. ಮೊಮ್ಮಗ ಎಬ್ಬಿಸಿದ ಗಾಳಿಗೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ.

ನಮ್ಮ ಹುಲ್ಲುಗಾವಲಿನ ಬೆಂಕಿಗೆ ಅಷ್ಟು ರಭಸವಿಲ್ಲ ಎಂದು ಸಮಾಧಾನಪಡಬಹುದು. ಅದು ಸರಿಯೇ. ಆದರೆ ನಮ್ಮ ಮುಂಗಾರಿನ ಇನ್ನೊಂದು ಮುಖವನ್ನು ವಿಜ್ಞಾನಿಗಳು ಕಂಡಿದ್ದಾರೆ. ಮಳೆಗಾಲದಲ್ಲಿ ಭಾರತ, ಚೀನ ಮುಂತಾದ ದೇಶಗಳ ಮೇಲೆ ಏಳುವ ಮಹಾಮೋಡಗಳು ತೊಳೆದದ್ದಷ್ಟನ್ನು ಕೆಳಗೆ ತರುತ್ತವೆ. ತೊಳೆಯಲಾಗದ್ದನ್ನು ಏತದಂತೆ ಮೇಲಕ್ಕೆ ಎತ್ತುತ್ತವೆ. ಪ್ರತಿ ಮಳೆಗಾಲದಲ್ಲಿಯೂ ಏಷ್ಯಾ ಖಂಡದ ಮೇಲೆ ಬಹಳ ಎತ್ತರದಲ್ಲಿ ಮಲಿನ ಕಣಗಳ ಪದರವೊಂದು ಕಟ್ಟಿಕೊಳ್ಳುತ್ತದೆ. ಭಾರತ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಳವರು 2014 ರಿಂದ ಕೆಲವು ವರ್ಷ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ ಅದನ್ನು ಅಳೆದಿದ್ದಾರೆ. ಮಳೆ ಎಲ್ಲವನ್ನೂ ತೊಳೆಯುತ್ತದೆ ಎಂದು ಮಲೆನಾಡಿನವರು ನಿಶ್ಚಿಂತರಾಗಿರುವಂತಿಲ್ಲ.

ಇನ್ನು ಹೇಳುವ ವಿಷಯ ತೋಟ, ಗದ್ದೆ ಇರುವ ತಮ್ಮೆಲ್ಲರಿಗೂ ಹತ್ತಿರದ್ದು. ಈಗ ಹೇಳಿದ ನೈಟ್ರಸ್ ಆಕ್ಸೈಡನ್ನು ಜನ ನಗೆ ಅನಿಲವೆಂದೂ ಕರೆಯುತ್ತಾರೆ. ಸುಡುವುದರಿಂದ ಬರುವುದಕ್ಕಿಂತ ಬಹಳ ಹೆಚ್ಚಾಗಿ ಅದು ಬರುವುದು ಮಣ್ಣಿನಿಂದ. ನಾವು ಹಾಕುವ ಸಾರಜನಕದ ಗೊಬ್ಬರ ಬೆಳೆಗೆ ಸಲ್ಲದೆ ಮಿಕ್ಕಾಗ. ಅದು ನೂರು ವರ್ಷಕ್ಕೂ ಮಿಕ್ಕಿ ಗಾಳಿಯಲ್ಲಿ ಉಳಿಯುತ್ತದೆ. ಫ್ರಿಯಾನ್ ನಿಂತುಹೋದ ಮೇಲೆ, ಇಂದು ಮನುಷ್ಯರು ಹೊರಬಿಡುತ್ತಿರುವ ಅನಿಲಗಳಲ್ಲಿ ಓಜೋನಿಗೆ ಅತಿ ಹೆಚ್ಚು ಹಾನಿ ಮಾಡುವುದು ಇದೇ ಎಂದು 2009 ರಲ್ಲಿ ಮೂವರು ವಿಜ್ಞಾನಿಗಳು ತೋರಿಸಿದರು. ಆ ಮೂವರಲ್ಲಿ ಮೊದಲನೆಯವರಾದ ಎ. ಆರ್. ರವಿಶಂಕರ ಅವರು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು ಎಂಬುದು ಕನ್ನಡನಾಡಿಗೆ ಹೆಮ್ಮೆ. ಮಹಾರಾಷ್ಟ್ರಗಳು ಮಾಡಿಕೊಂಡ ಓಜೋನ್ ಒಪ್ಪಂದದ ಪಟ್ಟಿಯಲ್ಲಿ ಈ ಅನಿಲ ಇಲ್ಲ. ಆದುದರಿಂದ ಇದರ ಕಾವಲು ಬಹುಮಟ್ಟಿಗೆ ರೈತನ ವಿವೇಕಕ್ಕೇ ಬಿಟ್ಟದ್ದು.

ಲೆಕ್ಕ ಹಾಕಿ ನೋಡೋಣ. 45 ಕಿಲೋ ಯೂರಿಯಾ ಮೂಟೆಯಲ್ಲಿ ಸಾರಜನಕ ಸುಮಾರು 20 ಕಿಲೋ. ಹಾಕಿದ ಸಾರಜನಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು ಈ ಅನಿಲವಾಗಿ ಹೋಗುತ್ತದೆಂದು ತಜ್ಞರು ಎಣಿಸುತ್ತಾರೆ. ಅಂದರೆ ಮೂಟೆಗೆ 200 ಗ್ರಾಂ ಸಾರಜನಕ ಆಕಾಶದ ಪಾಲು. ಸ್ವಲ್ಪವೇ ಎನ್ನಿಸಬಹುದು. ಹನಿಗೂಡಿದರೆ ಹಳ್ಳ. ನೀರು ನಿಂತ ಮಣ್ಣಿಗೆ ಹಾಕಿದರೆ, ಬೆಳೆಗೆ ಬೇಡದಷ್ಟು ಹಾಕಿದರೆ ಹೋಗುವ ಪಾಲು ಇನ್ನೂ ಹೆಚ್ಚುತ್ತದೆ. ಭಾರಿ ಮಳೆಯ ಮುನ್ನಾದಿನ ಹಾಕಿದರೆ ಉಳಿದದ್ದು ಕೊಚ್ಚಿಕೊಂಡು ಹೋಗಿ ಭದ್ರೆಯ ಪಾಲು. ದುಡ್ಡು ಕೊಟ್ಟು ತಂದದ್ದನ್ನು ಹೀಗೆ ಗಾಳಿಗೂ ಹೊಳೆಗೂ ಬಿಡುವುದು ಯಾವ ಜಾಣತನ?

ಹೊಳೆಯ ಮಾತು ಬಂದದ್ದರಿಂದ ಹೇಳುತ್ತೇವೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಭದ್ರೆಯ ನೀರಿಗೆ ಹೂಳು ಸೇರಿದ್ದು ಜನರ ಕಣ್ಣಿಗೆ ಕಂಡಿತು. ಕಂಡದ್ದರಿಂದ ದನಿಯೆತ್ತಿದರು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2002 ರಲ್ಲಿ ತೀರ್ಪಾಗಿ, 2005 ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ನಿಂತಾಗ ಕೆಲಸ ಕಳೆದುಕೊಂಡವರ ಕಷ್ಟವನ್ನೂ ಈ ಊರುಗಳು ಕಂಡಿವೆ. ನೀರಿನ ಹೂಳು ಕಾಣುತ್ತದೆ. ಗಾಳಿಯ ಈ ಹೂಳು ಕಾಣುವುದಿಲ್ಲ. ಕಾಣದ್ದಕ್ಕೂ ದನಿಯೆತ್ತುವುದಕ್ಕೆ ತಿಳಿವಳಿಕೆ ಬೇಕು. ಇಂದು ಇಷ್ಟೊಂದು ವಿವರವಾಗಿ ಹೇಳುತ್ತಿರುವುದು ಆ ಕಾರಣಕ್ಕೆ.

ಇಷ್ಟು ಕೇಳಿ ಮನಸ್ಸು ಕುಗ್ಗಬಾರದು. ಈ ಕಥೆಯಲ್ಲಿ ಭರವಸೆಯ ಭಾಗವೂ ಇದೆ. 1987 ರ ಸೆಪ್ಟೆಂಬರ್ 16 ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹಲವು ದೇಶಗಳು ಸೇರಿ ಓಜೋನ್ ಕೆಡಿಸುವ ವಸ್ತುಗಳನ್ನು ಬಿಡುತ್ತೇವೆಂದು ಒಪ್ಪಂದ ಮಾಡಿಕೊಂಡವು. ಮೊದಲಿಗೆ ಬಡ ದೇಶಗಳಿಗೆ ಹಿಂಜರಿಕೆಯಿತ್ತು. ಕೆಡಿಸಿದವರು ನೀವು, ದಂಡ ನಮಗೇಕೆ ಎಂದು ಅವು ಕೇಳಿದ್ದು ನ್ಯಾಯವೇ. 1990 ರಲ್ಲಿ ಲಂಡನ್ನಿನಲ್ಲಿ ಸೇರಿದಾಗ, ಬಡ ದೇಶಗಳು ಹೊಸ ವಿಧಾನಕ್ಕೆ ಬದಲಾಗಲು ತಗಲುವ ಖರ್ಚಿಗೆ ಶ್ರೀಮಂತ ದೇಶಗಳು ನಿಧಿ ಕೂಡಿಸಬೇಕೆಂದು ತೀರ್ಮಾನವಾಯಿತು. ಬಡವರಿಗೆ ಹೆಚ್ಚು ಅವಧಿಯನ್ನೂ ಕೊಟ್ಟಿದ್ದರು. ಭಾರತವು 1992 ರಲ್ಲಿ ಒಪ್ಪಂದಕ್ಕೆ ಸೇರಿತು. 2008 ರಲ್ಲಿ ಈ ಅನಿಲದ ತಯಾರಿಕೆಯನ್ನು ನಿಲ್ಲಿಸಿ, 2010 ರಿಂದ ಬಳಕೆಯನ್ನೂ ಬಿಟ್ಟಿತು. ದಮ್ಮಿನ ರೋಗಿಗಳ ಔಷಧಿಗೆ ಮಾತ್ರ, ಬೇರೆ ಉಪಾಯ ಸಿಗುವ ತನಕ, ವಿನಾಯಿತಿ ಇತ್ತು. ಇದು ಕರುಣೆಯುಳ್ಳ ನಿಯಮ. ಉಳ್ಳವನು ಹೆಚ್ಚು ಹೊರಬೇಕು, ಇಲ್ಲದವನಿಗೆ ಸಮಯ ಕೊಡಬೇಕು, ರೋಗಿಯನ್ನು ನೋಯಿಸಬಾರದು ಎಂಬ ಮೂರು ಮಾತುಗಳು ಅದರಲ್ಲಿವೆ. ನಮ್ಮ ದಾಸೋಹದ ತತ್ತ್ವವನ್ನು ಬಲ್ಲವರಿಗೆ ಇದರ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಲೋಕದ ಎಲ್ಲ ರಾಷ್ಟ್ರಗಳೂ ಆ ಒಪ್ಪಂದದಲ್ಲಿವೆ. ಪಟ್ಟಿಯಲ್ಲಿದ್ದ ಕೆಡುಕಿನ ವಸ್ತುಗಳಲ್ಲಿ ನೂರಕ್ಕೆ 99 ಪಾಲು ನಿಂತುಹೋಗಿವೆ. ಇದೇ ರೀತಿ ನಡೆದುಕೊಂಡರೆ ಲೋಕದ ಹೆಚ್ಚಿನ ಭಾಗದಲ್ಲಿ 2040 ರ ಹೊತ್ತಿಗೆ, ಉತ್ತರ ಧ್ರುವದಲ್ಲಿ 2045 ರ ಹೊತ್ತಿಗೆ, ದಕ್ಷಿಣ ಧ್ರುವದಲ್ಲಿ 2066 ರ ಹೊತ್ತಿಗೆ ಪದರವು 1980 ರ ಸ್ಥಿತಿಗೆ ಮರಳುತ್ತದೆಂದು 2022 ರ ಅಂತರರಾಷ್ಟ್ರೀಯ ವರದಿ ಹೇಳುತ್ತದೆ. ಹಾಳಾದದ್ದು ಐವತ್ತು ವರ್ಷದಲ್ಲಿ. ಸರಿಹೋಗುವುದಕ್ಕೆ ಎಂಬತ್ತು ವರ್ಷ. 1987 ರಲ್ಲಿ ಸಹಿ ಹಾಕಿದ ಹಿರಿಯರಲ್ಲಿ ಬಹುಮಂದಿ ಆ ದಿನವನ್ನು ಕಾಣಲಾರರು. ತಾನು ನೆರಳು ಕಾಣದಿದ್ದರೂ ಹಲಸಿನ ಸಸಿ ನೆಟ್ಟ ಅಜ್ಜನ ಕೆಲಸ ಅವರದು.

ಹಾಗಾದರೆ ಸಂಸೆಯ ನಾವು ಏನು ಮಾಡಬೇಕು? ಮೊದಲನೆಯದು ಬೆಂಕಿ. ಚಳಿಗಾಲ ಮುಗಿಯುವ ಮುಂಚೆ ಊರಿನವರು ಒಟ್ಟಾಗಿ ತೋಟದಂಚಿನಲ್ಲಿ, ಗುಡ್ಡದ ಬುಡದಲ್ಲಿ ಹುಲ್ಲು ಸವರಿ ಬೆಂಕಿರೇಖೆ ಮಾಡಿ. ಅರಣ್ಯ ಇಲಾಖೆಯವರು ಬಂದಾಗ ಕೈಜೋಡಿಸಿ. ದನಕ್ಕೆ ಮೇವಿಲ್ಲದೆ ಗುಡ್ಡಕ್ಕೆ ಬೆಂಕಿಯಿಡುವ ಬಡವನಿದ್ದರೆ, ಅವನನ್ನು ಬೈಯುವ ಮುಂಚೆ ತೋಟವುಳ್ಳವರು ಅವನ ದನಕ್ಕೆ ಹುಲ್ಲಿನ ದಾರಿ ತೋರಿಸಿ. ದರಗನ್ನು ಸುಡಬೇಡಿ, ಕಾಫಿ ಗಿಡದ ಬುಡಕ್ಕೆ ಹೊದಿಸಿ, ಇಲ್ಲವೇ ಗುಂಡಿಗೆ ಹಾಕಿ ಗೊಬ್ಬರ ಮಾಡಿ. ಹಾಲುವಾಣದ ಸೊಪ್ಪು ತಾನೇ ಒಂದು ಸಾರಜನಕದ ಮೂಟೆ.

ಎರಡನೆಯದು ಗೊಬ್ಬರ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ, ಕಂತು ಕಂತಾಗಿ, ಮಳೆಯ ಬಿಡುವು ನೋಡಿ ಹಾಕಿ. ಬೇವಿನೆಣ್ಣೆ ಲೇಪಿಸಿದ ಯೂರಿಯಾ ಈಗ ಸಿಗುವುದು ಸಾರಜನಕ ನಿಧಾನವಾಗಿ ಬಿಡುಗಡೆಯಾಗಲೆಂದೇ. ಪಕ್ಕದ ತೋಟದವನು ಎರಡು ಮೂಟೆ ಹಾಕಿದನೆಂದು ನಾನು ಮೂರು ಹಾಕುವುದು ಕೃಷಿಯಲ್ಲ, ಸ್ಪರ್ಧೆ.

ಮೂರನೆಯದು ಮನೆಯ ಯಂತ್ರಗಳು. ಹಳೆಯ ಫ್ರಿಜ್ಜು, ಹಳೆಯ ಹವಾನಿಯಂತ್ರಣ ಯಂತ್ರಗಳನ್ನು ಗುಜರಿಗೆ ಕೊಟ್ಟಾಗ, ರಿಪೇರಿಯವನು ಕೊಳವೆ ಕತ್ತರಿಸಿ ಅನಿಲವನ್ನು ಗಾಳಿಗೆ ಬಿಡದಂತೆ, ಅದನ್ನು ಸಿಲಿಂಡರಿನಲ್ಲಿ ಹಿಡಿದಿಡುವಂತೆ ಹೇಳಿ. ಹೊಸ ಫ್ರಿಜ್ಜುಗಳ ಅನಿಲ ಓಜೋನನ್ನು ಕೆಡಿಸುವುದಿಲ್ಲ. ಆದರೂ ಅವುಗಳಲ್ಲಿ ಕೆಲವು ಭೂಮಿಯನ್ನು ಕಾಯಿಸುತ್ತವೆ. ಅದನ್ನು ತಗ್ಗಿಸಲು 2016 ರಲ್ಲಿ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. 2021 ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಲೈನು ಮನೆಯಲ್ಲಿ ಕಟ್ಟಿಗೆ ಒಲೆಯ ಮುಂದೆ ಕುಳಿತು ಅನ್ನ ಬೇಯಿಸುವ ತಾಯಿ ಆಕಾಶವನ್ನು ಕೆಡಿಸಿದಳೆಂದು ಯಾರೂ ಹೇಳಬಾರದು. ಆ ಹೊಗೆ ಕೆಡಿಸುವುದು ಅವಳ ಕಣ್ಣನ್ನು, ಅವಳ ಎದೆಯನ್ನು. ಅವಳಿಗೆ ಹೊಗೆಯಿಲ್ಲದ ಒಲೆಯನ್ನೋ ಗ್ಯಾಸನ್ನೋ ಒದಗಿಸುವುದು ಉಳ್ಳವರ ಕರ್ತವ್ಯ. ಹಸಿವಿನ ಹೊಗೆಯನ್ನೂ ಉಡಾಫೆಯ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬಂಧುಗಳೇ, ಸುಟ್ಟರೆ ಇಲ್ಲವಾಯಿತು, ಬಿಟ್ಟರೆ ಮಾಯವಾಯಿತು ಎಂಬುದು ನಮ್ಮ ಭ್ರಮೆ. ಒಂದಷ್ಟು ಮಳೆಯೊಡನೆ ನಮ್ಮ ಅಂಗಳಕ್ಕೇ ಮರಳುತ್ತದೆ; ಮತ್ತೊಂದಷ್ಟು ನಮ್ಮ ಕಣ್ಣಿಗೆ ಕಾಣದ ಎತ್ತರ ಸೇರಿ, ನಾವು ಕಾಣದ ಜನರ ತಲೆಯ ಮೇಲೆ, ಇನ್ನೂ ಹುಟ್ಟದ ಮಕ್ಕಳ ತಲೆಯ ಮೇಲೆ ನಿಲ್ಲುತ್ತದೆ. ಕಡ್ಡಿ ಗೀರುವ ಮುನ್ನ, ಮೂಟೆ ಬಿಚ್ಚುವ ಮುನ್ನ ಅವರ ನೆನಪು ಬರಲಿ. ಗುಡ್ಡದ ಹುಲ್ಲು ಹಸಿರಾಗಿರಲಿ, ಭದ್ರೆ ತುಂಬಿ ಹರಿಯಲಿ, ತಮ್ಮೆಲ್ಲರ ಬಾಳು ಹಸನಾಗಲಿ ಎಂದು ಹಾರೈಸಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.